ಏಳು ವರ್ಷದ ಮಗನ್ನ ಕರ್ಕೊಂಡು ಹಿಮಾಲಯದ ಸರೋವರಕ್ಕೆ ಹೋಗ್ಬೋದಾ?

ಪ್ರಶ್ನೆ: ನಾವು ಚಿಂತಾಮಣಿಯವರು, ನಾನು ಸ್ಕೂಲ್ ಟೀಚರ್. ಮಗಳಿಗೆ 11, ಮಗನಿಗೆ 7. ಇಬ್ರೂ ನಂದಿ ಬೆಟ್ಟನ ಮೆಟ್ಲಲ್ಲೇ ಆರಾಮಾಗಿ ಹತ್ತಿ ಇಳೀತಾರೆ. ಬೆಟ್ಟದ ಮೇಲಿನ ಸರೋವರಗಳನ್ನ ಒಂದೊಂದಾಗಿ ನೋಡ್ಕೊಂಡು ನಡೆಯೋ ಕಾಶ್ಮೀರ ಗ್ರೇಟ್ ಲೇಕ್ಸ್ ಟ್ರೆಕ್‌ನ ಫೋಟೋ ನೋಡಿದಾಗಿಂದ ಅಲ್ಲಿಗೇ ಹೋಗೋಣ ಅಂತ ಒಂದೇ ಹಟ. ಬೇಸಿಗೆ ರಜಾದಲ್ಲಿ ಹೋಗ್ಬೋದಾ? ಅತ್ತೆಗೆ 63 ವರ್ಷ, ಬಿಪಿ ಇದೆ, ಅವ್ರನ್ನ ಮನೇಲಿ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಏನೇನ್ ತಯಾರಿ ಮಾಡ್ಕೋಬೇಕು ಹೇಳಿ.

ಉತ್ತರ: ನಮಸ್ಕಾರ ಮೇಡಂ. ನಾನಿರೋದು ತುಮಕೂರಲ್ಲಿ, ಮಕ್ಳು ಮರಿ ಇರೋ ಫ್ಯಾಮಿಲಿಗಳನ್ನ ಹಿಮಾಲಯಕ್ಕೆ ಕರ್ಕೊಂಡು ಹೋಗೋದೇ ನನ್ನ ಕೆಲ್ಸ, ಹಾಗಾಗಿ ಈ ಪ್ರಶ್ನೆ ನಂಗೆ ಬರ್ತಾನೇ ಇರುತ್ತೆ. ಬೇಜಾರಿನ ಮಾತು ಮೊದ್ಲು ಹೇಳ್ಬಿಡ್ತೀನಿ. ಬೇಸಿಗೆ ರಜಾದಲ್ಲಿ ಕಾಶ್ಮೀರ ಗ್ರೇಟ್ ಲೇಕ್ಸ್ ಆಗಲ್ಲ. ನಮ್ಮ ಸ್ಕೂಲ್‌ಗಳಿಗೆ ರಜಾ ಏಪ್ರಿಲ್ ಮೇ, ಆ ದಾರಿ ತೆರ್ಕೊಳ್ಳೋದು ಜುಲೈ ಹೊತ್ತಿಗೆ, ಅಲ್ಲೀವರ್ಗೂ ಪಾಸ್‌ಗಳೆಲ್ಲಾ, ಅಂದ್ರೆ ಬೆಟ್ಟದ ಸಾಲು ದಾಟೋ ಎತ್ತರದ ದಾರಿಗಳೆಲ್ಲಾ, ಹಿಮದಲ್ಲಿ ಮುಚ್ಕೊಂಡಿರ್ತವೆ. ನಿಮ್ಮ ಮಕ್ಳು ನೋಡಿರೋ ಆ ಹಸ್ರು ಹುಲ್ಲು, ಹೂವು, ನೀಲಿ ನೀರು ಎಲ್ಲಾ ಜುಲೈ ಆಗಸ್ಟ್ ಫೋಟೋ. ದಸರಾ ರಜಾ ಬರೋ ಹೊತ್ತಿಗೆ ಅಲ್ಲಿ ಸೀಸನ್ ಮುಗ್ದಿರುತ್ತೆ. ಅಂದ್ರೆ ಕರ್ನಾಟಕದ ಸ್ಕೂಲ್ ಮಕ್ಳಿಗೆ ಆ ಟ್ರೆಕ್ ಆಗ್ಬೇಕು ಅಂದ್ರೆ ಕ್ಲಾಸ್ ತಪ್ಪಿಸ್ಲೇಬೇಕು, ಟೀಚರ್ ಆಗಿ ನೀವು ಅದಕ್ಕೆ ಒಪ್ತೀರೋ ಇಲ್ವೋ ನಂಗೊತ್ತಿಲ್ಲ.

ರಜಾ ಹೊಂದಿಸ್ಕೊಂಡ್ರಿ ಅಂತಾನೇ ಇಟ್ಕೊಳ್ಳಿ, ಆಗ್ಲೂ 7 ವರ್ಷದ ಮಗನಿಗೆ ನಾನು ಬೇಡ ಅಂತಾನೇ ಹೇಳೋದು. ಮಗು ನಡೆಯಲ್ಲ ಅಂತಲ್ಲ, ಮಕ್ಳು ನಮಗಿಂತ ಚೆನ್ನಾಗೇ ನಡೀತಾರೆ. ನಾನು ಯಾವ ಸರೋವರಕ್ಕೆ ಹೋಗೋರಿಗೂ ಮೊದ್ಲು ಕೇಳೋದು ಎರಡು ವಿಷ್ಯ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗ್ತೀರ, ಮತ್ತೆ ನಡುರಾತ್ರಿ ಮಗುಗೆ ಹುಷಾರು ತಪ್ಪಿದ್ರೆ ಎಷ್ಟು ಹೊತ್ತಲ್ಲಿ ಕೆಳಗಡೆ ರೋಡಿಗೆ ಬರ್ತೀರ. ಸರೋವರ ಎಷ್ಟು ಚೆನ್ನಾಗಿದೆ, ಎಷ್ಟು ಕಿಲೋಮೀಟರ್, ಇವೆಲ್ಲಾ ಆಮೇಲೆ.

ಈ ಎರಡು ಪ್ರಶ್ನೆನ ಗ್ರೇಟ್ ಲೇಕ್ಸ್‌ಗೆ ಹಾಕಿ ನೋಡಿ. ಸೋನಾಮಾರ್ಗ್ ಹತ್ರ ಸುಮಾರು 2,400 ಮೀಟರಲ್ಲಿ ಮೊದಲ್ನೇ ರಾತ್ರಿ, ಮಾರನೇ ದಿನ ನಡ್ಕೊಂಡು ಹೋಗಿ ಮಲಗೋ ನಿಚ್ನಾಯಿ ಕ್ಯಾಂಪ್ ಸುಮಾರು 3,500, ಒಂದೇ ಏಟಿಗೆ ಸಾವಿರ ಮೀಟರ್ ಮೇಲೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗೋ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರ್ದು, ಮೂರ್ನಾಕು ದಿನಕ್ಕೊಂದ್ಸಲ ಅದೇ ಎತ್ತರದಲ್ಲಿ ಒಂದಿನ ನಿಂತ್ಕೋಬೇಕು ಅನ್ನೋದು ಬೆಟ್ಟದ ಡಾಕ್ಟ್ರುಗಳು ಎಲ್ಲ ಕಡೆ ಹೇಳೋ ಸಲಹೆ. ದೊಡ್ಡೋರು ಹೆಂಗೋ ತಲೆನೋವು ತಡ್ಕೊಂಡು ಹೋಗ್ಬಿಡ್ತಾರೆ. ಆಮೇಲೆ ವಿಷನ್‌ಸರ್, ಕಿಶನ್‌ಸರ್ ಸರೋವರ ನೋಡ್ಕೊಂಡು ಸುಮಾರು 4,200 ಮೀಟರಿನ ಗಡ್ಸರ್ ಪಾಸ್ ದಾಟಿ ಆ ಕಡೆ ಇಳಿದ್ರಿ ಅಂದ್ರೆ ಹಿಂದಕ್ಕೆ ಬಂದ್ರೂ ದಿನಗಟ್ಲೆ, ಮುಂದಕ್ಕೆ ಹೋದ್ರೂ ದಿನಗಟ್ಲೆ, ಗಂಗಾಬಲ್ ಸರೋವರ ದಾಟಿ ನಾರಾನಾಗ್ ಅನ್ನೋ ಹಳ್ಳಿಗೆ ಇಳಿದ್ರೇನೇ ರೋಡು. ಒಟ್ಟು 70 ಕಿಲೋಮೀಟರ್ ಆಸುಪಾಸು. ಅಲ್ಲಿ ಮಗುಗೆ ಏನಾದ್ರೂ ಆದ್ರೆ ಕುದುರೆ ಮೇಲೆ ಹಾಕ್ಕೊಂಡು ಪಾಸ್ ಹತ್ತಿಸಿ ಇಳಿಸ್ಬೇಕು, ಇಳಿಸ್ಬೇಕಾಗಿರೋ ಮಗುನ ಮತ್ತೆ ಮೇಲಕ್ಕೆ ಹತ್ತಿಸ್ಬೇಕಾಗಿ ಬರುತ್ತೆ, ನಂಗೆ ಇಷ್ಟ ಆಗದೇ ಇರೋದು ಇದೇಯ. ಮಗಳಿಗೆ ಒಂದು 14 ಆಗ್ಲಿ, ಮಗನೂ ಎರಡ್ಮೂರು ಸಣ್ಣ ಟ್ರೆಕ್ ಮಾಡ್ಲಿ, ಆಮೇಲೆ ನೋಡಣ. ಇನ್ನೊಂದು, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗಳ ಮೇಲೆ ಉಗ್ರರ ದಾಳಿ ಆದ್ಮೇಲೆ ಕಾಶ್ಮೀರದಲ್ಲಿ ಬಹಳ ಜಾಗ ಮುಚ್ಚಿದ್ರು, ಹಾಗಾಗಿ ಯಾವಾಗ ಹೋಗೋದಿದ್ರೂ ಆ ವರ್ಷ ಏನು ತೆಗ್ದಿದೆ ಅಂತ ಅಲ್ಲಿನ ಟೂರಿಸಂ ಇಲಾಖೇಲಿ ಕೇಳ್ಕೊಂಡೇ ದುಡ್ಡು ಕಟ್ಟಿ.

ನಂದಿ ಹತ್ತುತಾರೆ ಅಂದ್ರಲ್ಲ, ಅದು ಒಳ್ಳೇದೇ, ಆದ್ರೆ ಅದು ಕಾಲಿಗೆ ಸಂಬಂಧಪಟ್ಟಿದ್ದು, ಎತ್ತರಕ್ಕಲ್ಲ. ನಂದಿ ತುದಿ 1,478 ಮೀಟರ್. ಸಮುದ್ರ ಮಟ್ಟದಲ್ಲಿ ನೂರು ಪಾಲು ಆಮ್ಲಜನಕ ಸಿಗುತ್ತೆ ಅಂದ್ಕೊಂಡ್ರೆ ನಂದಿ ಮೇಲೆ ಸುಮಾರು 84 ಪಾಲು, 4,000 ಮೀಟರಲ್ಲಿ ಬರೀ 60ರ ಹತ್ರ. ನಮ್ಮ ಕೋಲಾರ ಚಿಕ್ಕಬಳ್ಳಾಪುರ ತುಮಕೂರು ಮೂರೂ ಜಿಲ್ಲೇಲಿ ಎಲ್ಲಿ ಹತ್ತಿದ್ರೂ ಈ ವ್ಯತ್ಯಾಸ ಮೈಗೆ ಗೊತ್ತಾಗೋದೇ ಇಲ್ಲ. ಹಿಂಗೆ ಆಮ್ಲಜನಕ ಕಮ್ಮಿಯಾಗಿ ಬರೋದೇ ಎತ್ತರದ ಕಾಯಿಲೆ, ಫಿಟ್ ಆಗಿರೋರಿಗೆ ಅದು ಬರಲ್ಲ ಅನ್ನೋದು ಸುಳ್ಳು, ಮ್ಯಾರಥಾನ್ ಓಡೋರೂ ಮಲ್ಕೊಂಡ್ಬಿಡ್ತಾರೆ, ಸಿಗರೇಟ್ ಸೇದೋ ಮಾಮ ಆರಾಮಾಗಿ ಟೀ ಕುಡೀತಾ ಕೂತಿರ್ತಾರೆ. ಯಾರಿಗೆ ಬರುತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ, ನಿಧಾನಕ್ಕೆ ಹತ್ತೋದೊಂದೇ ದಾರಿ.

ಹಂಗಾದ್ರೆ ಎಲ್ಲಿಗೆ ಹೋಗೋದು? ನಿಮ್ಮ ಮನೆಗೆ ಸರಿಯಾಗಿ ಹೊಂದೋದು ನನ್ನ ಪ್ರಕಾರ ಉತ್ತರಾಖಂಡದ ದೇವರಿಯಾ ತಾಲ್, ಜೊತೆಗೆ ಚೋಪ್ತಾ ತುಂಗನಾಥ್. ಮೇ ತಿಂಗಳಲ್ಲಿ ಹೋಗ್ಬೋದು, ದಸರಾ ರಜಾದಲ್ಲೂ ಹೋಗ್ಬೋದು. ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ, ಊಖಿಮಠ ಮೇಲೆ ಸಾರಿ ಅನ್ನೋ ಹಳ್ಳಿಗೆ ಒಂದು ಪೂರ್ತಿ ದಿನದ ಪ್ರಯಾಣ. ದಾರಿಯೆಲ್ಲಾ ತಿರುವು, ನಂದಿ ರೋಡಿನ ತಿರುವೆಲ್ಲಾ ಅದರ ಮುಂದೆ ಏನೂ ಅಲ್ಲ, ಕಾರಲ್ಲಿ ವಾಂತಿ ಮಾಡೋ ಮಕ್ಳಾದ್ರೆ ಮಾತ್ರೆ ಡಾಕ್ಟ್ರನ್ನ ಕೇಳಿ ಮೊದ್ಲೇ ಇಟ್ಕೊಳ್ಳಿ, ಮಧ್ಯದಲ್ಲಿ ರುದ್ರಪ್ರಯಾಗದಲ್ಲಿ ಒಂದು ರಾತ್ರಿ ನಿಂತ್ರೂ ನಷ್ಟ ಇಲ್ಲ. ಸಾರಿ ಇರೋದು ಸುಮಾರು 2,000 ಮೀಟರಲ್ಲಿ, ಅಲ್ಲಿ ಹಳ್ಳಿ ಮನೆಗಳಲ್ಲೇ ಹೋಂಸ್ಟೇ ಇದೆ, ಮೊದಲ್ನೇ ರಾತ್ರಿ ಅಲ್ಲಿ. ಮಾರನೇ ದಿನ ಬೆಳಿಗ್ಗೆ ಮೂರು ಕಿಲೋಮೀಟರ್ ಒಳಗಿನ ಕಲ್ಲು ಹಾಸಿನ ದಾರಿ ಹತ್ತಿದ್ರೆ ದೇವರಿಯಾ ತಾಲ್, 2,438 ಮೀಟರ್. ಚಿಕ್ಕ ಸರೋವರ, ಸುತ್ತ ಕಾಡು, ಬೆಳಿಗ್ಗೆ ಗಾಳಿ ಏಳೋಕ್ ಮುಂಚೆ ಹೋದ್ರೆ ಚೌಖಂಬಾ ಶಿಖರ ಪೂರ್ತಿ ನೀರಲ್ಲಿ ತಲೆಕೆಳಗಾಗಿ ಕಾಣುತ್ತೆ, ಒಂಬತ್ತು ಗಂಟೆ ಮೇಲೆ ಹೋಗಿ ಮೋಡ ನೋಡ್ಕೊಂಡು ಬರೋರೇ ಜಾಸ್ತಿ. ನಿಮ್ಮ ಮಗ ಎಷ್ಟೇ ನಿಧಾನಕ್ಕೆ ಹೋದ್ರೂ ಮಧ್ಯಾಹ್ನದೊಳಗೆ ವಾಪಸ್ ಸಾರಿಲಿ ಇರ್ತೀರ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದ್ ಗಂಟೇಲಿ ಎತ್ಕೊಂಡು ಇಳೀಬೋದು. ನಾನು ಕೇಳೋ ಎರಡು ಪ್ರಶ್ನೆಗೂ ಉತ್ತರ ಸರಿಯಾಗಿ ಸಿಕ್ತಾ?

ಆಮೇಲೆ ಚೋಪ್ತಾಗೆ ಹೋಗಿ ಮಲಗಿ, ಅದು 2,600ರಿಂದ 2,700 ಮೀಟರ್. ಅಲ್ಲಿಂದ ತುಂಗನಾಥ್ ನಾಲ್ಕು ಕಿಲೋಮೀಟರ್ ಒಳಗೆ, ದೇವಸ್ಥಾನ ಇರೋದು 3,680 ಮೀಟರಲ್ಲಿ, ಪಂಚಕೇದಾರದಲ್ಲಿ ಅದೇ ಎತ್ತರದ್ದು. ಲೆಕ್ಕ ಹಾಕಿದ್ರೆ ಸಾವಿರ ಮೀಟರ್ ಹತ್ತಬೇಕು, ಸುಲ್ತಾನ್‌ಪೇಟೆಯಿಂದ ನಂದಿ ಮೆಟ್ಲನ್ನ ಹೆಚ್ಚುಕಮ್ಮಿ ಎರಡ್ಸಲ ಹತ್ತಿದಷ್ಟು, ಆದ್ರೆ ದಾರಿ ಅಷ್ಟು ಕಡಿದಲ್ಲ. ಮಗಳು ಹತ್ತುತಾಳೆ, ಮಗ ಅರ್ಧಕ್ಕೆ ಕೂತ್ರೆ ಒಬ್ರು ಅವನ ಜೊತೆ ವಾಪಸ್ ಬನ್ನಿ, ಬಲವಂತ ಬೇಡ, ದೇವ್ರು ಅಲ್ಲೇ ಇರ್ತಾನೆ. ಮೇಲೆ ಹೋಗಿ ಅದೇ ದಿನ ಇಳಿದು ಚೋಪ್ತಾದಲ್ಲೇ ಮಲಗೋದ್ರಿಂದ ಮೈಗೆ ಎತ್ತರ ಒಗ್ಗುತ್ತೆ, ಅಪಾಯವೂ ಕಮ್ಮಿ.

ಅತ್ತೆಯವರ ವಿಷ್ಯಕ್ಕೆ ಬಂದ್ರೆ ಸಾರಿಯಿಂದ ಮೇಲಕ್ಕೆ ಅವ್ರಿಗೆ ಕಷ್ಟ ಆಗ್ಬೋದು, ಹೇಸರಗತ್ತೆ ಸಿಗುತ್ತೆ ಆದ್ರೆ ಮೊದಲ್ನೇ ಸಲ ಕೂತ್ಕೊಳ್ಳೋರಿಗೆ ಅದರ ಮೇಲೆ ಇಳಿಯೋದು ನಡ್ಕೊಂಡು ಇಳಿಯೋದಕ್ಕಿಂತ ಭಯ. ಅವ್ರೂ ಸರೋವರ ನೋಡ್ಲೇಬೇಕು ಅಂದ್ರೆ ಹಿಮಾಚಲದ ಪರಾಶರ ಸರೋವರ ನೋಡಿ, ಮಂಡಿ ಊರಿಂದ 50 ಕಿಲೋಮೀಟರ್, 2,730 ಮೀಟರ್, ಕಾರು ಹತ್ತಿರದವರ್ಗೂ ಹೋಗುತ್ತೆ. ನೀವು ಮಕ್ಳು ಬಗ್ಗಿ ಹಳ್ಳಿಯಿಂದ ಏಳೆಂಟು ಕಿಲೋಮೀಟರ್ ಕಾಡು ದಾರಿ ಹತ್ಕೊಂಡು ಬನ್ನಿ, ಅತ್ತೆ ಯಜಮಾನ್ರು ಕಾರಲ್ಲಿ ಬಂದು ಮೇಲೆ ಕಾಯ್ತಿರ್ಲಿ, ಹಿಂಗೆ ಎರಡು ಪಾರ್ಟಿ ಆಗಿ ಹೋಗೋದು ಹಿರಿಯರಿರೋ ಫ್ಯಾಮಿಲಿಗೆ ಬಹಳ ಚೆನ್ನಾಗಿರುತ್ತೆ. ಸರೋವರದ ಪಕ್ಕದಲ್ಲಿ ಪರಾಶರ ಋಷಿಯ ಮರದ ದೇವಸ್ಥಾನ, ಮೂರು ಅಂತಸ್ತಿನ ಮಾಡು, ನೀರಲ್ಲಿ ಹುಲ್ಲಿನ ಒಂದು ದುಂಡನೆ ದ್ವೀಪ ತೇಲ್ತಾ ಇರುತ್ತೆ, ಬೆಳಿಗ್ಗೆ ಒಂದ್ಕಡೆ ಇದ್ದಿದ್ದು ಇನ್ನೊಂದಿನ ಇನ್ನೊಂದ್ಕಡೆ, ಮಕ್ಳು ಅದನ್ನೇ ನೋಡ್ತಾ ಕೂರ್ತಾರೆ. ಅದು ದೇವರ ಸರೋವರ, ಅಲ್ಲಿ ಕಲ್ಲೆಸೆಯೋದು ನೀರಿಗಿಳಿಯೋದು ಮಾಡಂಗಿಲ್ಲ ಅಂತ ಮಗನಿಗೆ ಮೊದ್ಲೇ ಹೇಳಿಟ್ಟಿರಿ.

ಏಜೆಂಟ್‌ಗಳು ನಿಮಗೆ ಹಿಮಾಚಲದ್ದೇ ಚಂದ್ರತಾಲ್ ಹೇಳ್ತಾರೆ, ಭೃಗು ಲೇಕ್ ಹೇಳ್ತಾರೆ, "ಸರೋವರದವರ್ಗೂ ಗಾಡಿ ಹೋಗುತ್ತೆ ಮೇಡಂ, ಮಕ್ಳಿಗೆ ಸುಲಭ" ಅಂತಾರೆ. ಚಂದ್ರತಾಲ್‌ನಲ್ಲಿ ಗಾಡಿ ಹತ್ರದವರ್ಗೂ ಹೋಗೋದೇ ತೊಂದ್ರೆ. ಮನಾಲಿ 2,050 ಮೀಟರ್, ಬೆಳಿಗ್ಗೆ ಅಲ್ಲಿ ಹೊರಟು ಸಂಜೆ ಚಂದ್ರತಾಲ್ ಕ್ಯಾಂಪಲ್ಲಿ 4,200ರ ಮೇಲೆ ಮಲಗಿಸಿದ್ರೆ ಮಗುಗೆ ರಾತ್ರಿಯೆಲ್ಲಾ ತಲೆನೋವು ವಾಂತಿ, ಆ ರೋಡಲ್ಲಿ ಕತ್ಲಲ್ಲಿ ವಾಪಸ್ ಬರೋಕೂ ಆಗಲ್ಲ. ಭೃಗುಗೆ ನಡ್ಕೊಂಡೇ ಹೋಗ್ಬೇಕು, ಆದ್ರೂ ಎರಡೇ ದಿನದಲ್ಲಿ 4,300ರ ಹತ್ರ. ಸಿಕ್ಕಿಂನ ಗುರುಡೊಂಗ್ಮಾರ್ ಇನ್ನೂ ಮೇಲೆ, 5,000 ಮೀಟರ್ ದಾಟಿದ್ದು, ಸಣ್ಣ ಮಕ್ಳನ್ನ ಕರ್ಕೊಂಡು ಹೋಗೋ ಜಾಗಾನೇ ಅಲ್ಲ.

ಮಕ್ಳಲ್ಲಿ ಎತ್ತರದ ಕಾಯಿಲೆ ಕಂಡುಹಿಡಿಯೋದು ಹೆಂಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದನ್ನ ಯಜಮಾನ್ರಿಗೂ ಓದಿಸಿ. 2,500 ಮೀಟರ್ ದಾಟಿದ ಮೇಲೆ ಯಾರಿಗ್ ಬೇಕಾದ್ರೂ ಬರ್ಬೋದು, ಸಾಮಾನ್ಯವಾಗಿ ಹೋದ ದಿನ ರಾತ್ರಿನೋ ಮಾರನೇ ದಿನವೋ ಶುರುವಾಗುತ್ತೆ. ದೊಡ್ಡೋರು ತಲೆ ಸಿಡೀತಿದೆ ಅಂತ ಬಾಯ್ಬಿಟ್ಟು ಹೇಳ್ತಾರೆ, 7 ವರ್ಷದೋನು ಹೊಟ್ಟೆನೋವು ಅಂತಾನೆ, ಇಲ್ಲಾ ಸುಮ್ನೆ ಅಳ್ತಾನೆ, ಇಲ್ಲಾ ಮಂಕಾಗಿ ಕೂರ್ತಾನೆ. ಅದಕ್ಕೆ ನಾನು ಸಂಜೆ ಕ್ಯಾಂಪಿಗೆ ಬಂದ ತಕ್ಷಣ ಮಕ್ಳ ಕೈಗೆ ಅವ್ರಿಗೆ ಪ್ರಾಣ ಅನ್ನೋ ತಿಂಡಿ ಕೊಡಿಸ್ತೀನಿ, ಚಿಕ್ಕಿನೋ ಚಾಕ್ಲೇಟೋ, ಬೇಡ ಅಂದ್ರೆ ಅಲ್ಲಿಗೆ ನನ್ನ ಕಿವಿ ನೆಟ್ಟಗಾಗುತ್ತೆ. ಆಟಕ್ಕೆ ಕರೆದ್ರೆ ಬರ್ತಾನಾ, ಮೂತ್ರ ಸರಿಯಾಗಿ ಹೋಗ್ತಿದಾನಾ, ನೆಲದ ಮೇಲೆ ಗೆರೆ ಎಳೆದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ಮುಟ್ಟಿಸ್ಕೊಂಡು ನಡೆಯಪ್ಪ ಅಂದ್ರೆ ಓಲಾಡ್ದೆ ನಡೀತಾನಾ, ಇಷ್ಟು ನೋಡಿ. ತಲೆನೋವು, ಊಟ ಬೇಡ, ಸುಸ್ತು ಇಷ್ಟೇ ಇದ್ರೆ ಅಲ್ಲೇ ನಿಲ್ಲಿ, ಒಂದಡಿ ಮೇಲಕ್ಕೆ ಹೋಗ್ಬೇಡಿ, ಮಾರನೇ ದಿನಕ್ಕೂ ಕಮ್ಮಿ ಆಗ್ದಿದ್ರೆ ಇಳೀರಿ. ಗೆರೆ ಮೇಲೆ ನಡೆಯೋಕಾಗ್ದೆ ತೂರಾಡಿದ್ರೆ, ಮಾತು ತೊದಲಿದ್ರೆ, ಸುಮ್ನೆ ಕೂತಾಗ್ಲೂ ಏದುಸಿರು ಬಿಟ್ರೆ, ಕೆಮ್ಮು ಜಾಸ್ತಿಯಾಗಿ ತುಟಿ ನೀಲಿಯಾದ್ರೆ, ಬೆಳಕು ಹರೀಲಿ ಅಂತ ಕಾಯ್ಬೇಡಿ, ಆಗಿಂದಾಗ್ಲೇ ಇಳಿಸಿ, ಕನಿಷ್ಠ 500ರಿಂದ 1,000 ಮೀಟರ್. ಮಿದುಳಿಗೆ ನೀರು, ಶ್ವಾಸಕೋಶಕ್ಕೆ ನೀರು ತುಂಬೋ ಲಕ್ಷಣ ಅದು, ಪ್ರಾಣಕ್ಕೆ ಕುತ್ತು, ಅದಕ್ಕೆ ಮೊದ್ಲು ಮಾಡ್ಬೇಕಾದ ಔಷಧಿ ಇಳಿಸೋದೇ.

ಎತ್ತರದ ಕಾಯಿಲೆ ಬರ್ದಂಗೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ಬಗ್ಗೆ ವಾಟ್ಸಾಪಲ್ಲಿ ಬಂದಿದ್ದು ನೋಡಿ ಮಗುಗೆ ಕೊಡ್ಬೇಡಿ. ಅದು ಒಳ್ಳೇ ಮಾತ್ರೆನೇ, ಆದ್ರೆ ಮಕ್ಳಿಗೆ ತೂಕ ನೋಡಿ ಡೋಸ್, ಸಲ್ಫಾ ಅಲರ್ಜಿ ಇದ್ಯಾ ಅಂತಾನೂ ನೋಡ್ಬೇಕು, ಮಕ್ಳ ಡಾಕ್ಟ್ರು ಬರ್ಕೊಟ್ರೆ ಮಾತ್ರ. ಹೊರಡೋ ವಾರದಲ್ಲಿ ನೆಗಡಿ ಕೆಮ್ಮು ಜ್ವರ ಬಂದಿದ್ರೆ ಎತ್ತರಕ್ಕೆ ಕರ್ಕೊಂಡು ಹೋಗ್ಬೇಡಿ, ಎದೆ ಸೋಂಕು ಇರೋ ಮಕ್ಳಿಗೆ ಶ್ವಾಸಕೋಶದ ತೊಂದ್ರೆ ಬೇಗ ಬರುತ್ತೆ.

ಸರೋವರದ ನೀರಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು ಹೇಳ್ಲೇಬೇಕು. ನಾವೆಲ್ಲಾ ಕೆರೆ ನೋಡ್ಕೊಂಡು ಬೆಳೆದೋರು, ಏರಿ ಕಡೆ ಮಾತ್ರ ಆಳ, ಅಂಗಳದ ಕಡೆಯಿಂದ ಇಳಿದ್ರೆ ಮೊಣಕಾಲು, ಸೊಂಟ ಅಂತ ಮೆಲ್ಲಗೆ ಆಳ ಆಗುತ್ತೆ. ಎತ್ತರದ ಸರೋವರ ಬಹಳಷ್ಟು ಹಂಗಲ್ಲ, ಹಿಮನದಿ ಬಂಡೆನ ಕೆರ್ಕೊಂಡು ಗುಂಡಿ ಮಾಡಿ, ತಾನೇ ತಳ್ಕೊಂಡು ಬಂದ ಕಲ್ಲು ಮಣ್ಣನ್ನ ಬಾಯಿಗೆ ಅಡ್ಡ ಏರಿ ಥರ ಒಟ್ಟಿ ಹೋಗಿರುತ್ತೆ, ದಡದಿಂದ ನಾಲ್ಕು ಹೆಜ್ಜೆಗೇ ಆಳ ಇರ್ಬೋದು. ಕರಗಿದ ಹಿಮದ ನೀರು ಬೇರೆ. ಅದರಲ್ಲಿ ಬಿದ್ರೆ ಮೊದಲ್ನೇ ಕ್ಷಣಕ್ಕೇ ಉಸಿರು ತಾನಾಗೇ ಜೋರಾಗಿ ಒಳಕ್ಕೆಳ್ಕೊಳ್ಳುತ್ತೆ, ಆಗ ಬಾಯಿ ನೀರೊಳಗಿದ್ರೆ ಮುಗೀತು, ಈಜು ಬರೋದು ಬರ್ದೇ ಇರೋದು ಎರಡೂ ಒಂದೇ. ಸ್ವಿಮ್ಮಿಂಗ್ ಕ್ಲಾಸಿಗೆ ಹೋಗಿದಾನೆ ಅನ್ನೋ ಧೈರ್ಯ ಬೇಡ, ನೀರಿನ ಹತ್ರ ಕೈಗೆಟುಕೋ ದೂರದಲ್ಲಿ ಒಬ್ರು ಇರ್ಲೇಬೇಕು. ಹಳ್ಳ ದಾಟೋದಿದ್ರೂ ಬೆಳಿಗ್ಗೆನೇ ದಾಟ್ಕೊಳ್ಳಿ, ಬಿಸಿಲೇರಿದಂಗೆ ಮೇಲೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಜಾಸ್ತಿ ಆಗುತ್ತೆ, ಬೆಳಿಗ್ಗೆ ಪಾದ ಮುಳುಗ್ತಿದ್ದ ಹಳ್ಳದಲ್ಲಿ ಸಾಯಂಕಾಲ ಮಗು ನಿಲ್ಲೋಕಾಗಲ್ಲ.

ಹವಾಮಾನನೂ ಹಂಗೇ. ಬೆಳಿಗ್ಗೆ ತಿಳಿ ಆಕಾಶ, ಮಧ್ಯಾಹ್ನ ಮೋಡ ಗುಡುಗು. ಆರು ಗಂಟೆಗೆ ಹೊರಡಿ, ಎಲ್ಲೇ ಇದ್ರೂ ಹನ್ನೆರಡಕ್ಕೆ ತಿರುಗಿ ಅಂತ ಮೊದ್ಲೇ ಮಾತಾಡ್ಕೊಳ್ಳಿ. 2024ರ ಜೂನ್‌ನಲ್ಲಿ ಉತ್ತರಕಾಶಿ ಕಡೆ ಸಹಸ್ತ್ರ ತಾಲ್ ಅನ್ನೋ ಸರೋವರದ ಟ್ರೆಕ್‌ಗೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರ್ಕೊಂಡಿದ್ದು ನಿಮಗೆ ನೆನಪಿರ್ಬೋದು, ಬಹುಪಾಲು ನಮ್ಮ ಬೆಂಗ್ಳೂರಿನವ್ರೇ, ಅವ್ರಲ್ಲಿ ಅನುಭವ ಇದ್ದೋರೂ ಇದ್ರು. ಜೂನ್ ಅಂದ್ರೆ ಬೇಸಿಗೆ ಅನ್ನೋ ಲೆಕ್ಕ 4,000 ಮೀಟರ್ ಮೇಲೆ ನಡೆಯಲ್ಲ. ಮಕ್ಳ ಮೈ ಚಿಕ್ಕದು, ನಮಗಿಂತ ಬೇಗ ತಣ್ಣಗಾಗುತ್ತೆ, ಹೊತ್ಕೊಂಡು ಹೋಗೋ ಮಗುವಾದ್ರೆ ಇನ್ನೂ ಬೇಗ, ಯಾಕಂದ್ರೆ ನಡೆಯೋ ನಮಗೆ ಬೆವರು, ಸುಮ್ನೆ ಕೂತಿರೋ ಅದಕ್ಕೆ ಚಳಿ. ಕಾಟನ್ ಬಟ್ಟೆ ಒಂದೂ ಬೇಡ, ಒದ್ದೆಯಾದ್ರೆ ಒಣಗಲ್ಲ. ಒಳಗೊಂದು ತೆಳ್ಳನೆ ಥರ್ಮಲ್, ಮೇಲೆ ಉಲನ್ನೋ ಫ್ಲೀಸೋ, ಅದರ ಮೇಲೆ ಮಳೆ ಕೋಟು. ನೀಲಿ ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಒಂದು ಜೊತೆ ಬಟ್ಟೆ, ಎರಡು ಜೊತೆ ಕಾಲುಚೀಲ ಬ್ಯಾಗಿನ ತಳದಲ್ಲಿಡಿ, ಅದು ಟೆಂಟಲ್ಲಿ ರಾತ್ರಿಗೆ ಮಾತ್ರ. ಟೋಪಿ, ಕೂಲಿಂಗ್ ಗ್ಲಾಸು, ಸನ್‌ಸ್ಕ್ರೀನ್ ಶೋಕಿಗಲ್ಲ, ಮೇಲೆ ಹೋದಂಗೆಲ್ಲಾ ಬಿಸಿಲು ಚುರುಕು, ಹಿಮ ಇದ್ರಂತೂ ಕೆಳಗಿಂದಾನೂ ಹೊಡಿಯುತ್ತೆ.

ತಯಾರಿಗೆ ದೂರ ಹೋಗ್ಬೇಕಿಲ್ಲ, ನಮ್ಮಲ್ಲಿ ಬೆಟ್ಟಕ್ಕೇನ್ ಬರ. ಮೂರು ತಿಂಗಳು ಮುಂಚಿಂದ ಶನಿವಾರ ನಂದಿ ಮೆಟ್ಲು, ಭಾನುವಾರ ಸ್ಕಂದಗಿರಿ ಅಂತ ಎರಡು ದಿನ ಬೆನ್ನಿಗೆ ಬೆನ್ನು ಹತ್ತಿಸಿ, ಒಂದಿನ ಹತ್ತೋದು ಎಲ್ರಿಗೂ ಬರುತ್ತೆ, ಮಾರನೇ ದಿನ ಕಾಲು ನೋಯ್ತಿರುವಾಗ ಮತ್ತೆ ಹತ್ತೋದೇ ಟ್ರೆಕ್. ಸ್ಕಂದಗಿರಿಗೆ ಆನ್‌ಲೈನಲ್ಲಿ ಟಿಕೆಟ್ ಮಾಡ್ಕೊಂಡೇ ಹೋಗ್ಬೇಕು. ಕೋಲಾರದ ಅಂತರಗಂಗೆ ಬಂಡೆ ಸಂದಿಗಳು ಮಕ್ಳಿಗೆ ಕೈ ಕಾಲು ಎಲ್ಲಿ ಇಡ್ಬೇಕು ಅಂತ ಕಲ್ಸುತ್ತೆ, ಒಂದಿನ ಪೂರ್ತಿ ಬಿಟ್ಬಿಡಿ ಅಲ್ಲಿ, ಕೋತಿ ಮಾತ್ರ ನೋಡ್ಕೊಳ್ಳಿ. ನಮ್ಮ ದೇವರಾಯನದುರ್ಗ, ಸಿದ್ದರಬೆಟ್ಟ ಆರಾಮ. ಮಧುಗಿರಿ ಏಕಶಿಲಾ ಬೆಟ್ಟ ಮಗಳಿಗೆ ಮೊದಲ ಅರ್ಧ ಸಾಕು, ಮೇಲೆ ಬಂಡೆ ಬಹಳ ಕಡಿದು, 7 ವರ್ಷದೋನಿಗೆ ಬೇಡವೇ ಬೇಡ. ಹೊಸ ಶೂ ಇಲ್ಲೇ ಸವೆಸಿ, ಹಿಮಾಲಯದಲ್ಲಿ ಶೂ ಬಾಕ್ಸ್ ಬಿಚ್ಚೋರ ಕಾಲಲ್ಲಿ ಎರಡ್ನೇ ದಿನ ಬೊಬ್ಬೆ. ಇಳಿಯುವಾಗ ಬೆರಳು ಮುಂದೆ ತಾಗ್ತಿದ್ರೆ ಒಂದು ಸೈಜ್ ದೊಡ್ಡದು ತಗೊಳ್ಳಿ, ಉಗುರು ಕತ್ತರಿಸಿ. ಮಗನ ಬೆನ್ನಿಗೆ ನೀರಿನ ಬಾಟ್ಲು, ಕೋಟು, ಅವನ ತಿಂಡಿ ಸಾಕು, ಹೊರಲಿ, ಹೊತ್ರೇನೇ ಅವನಿಗೂ ಜಂಬ.

ಊಟದಲ್ಲಿ ನಮ್ಮೋರ ದೊಡ್ಡ ಕಷ್ಟ ಅನ್ನ. ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಮುಂಚೆನೇ ಕುದಿಯುತ್ತೆ, 4,000 ಮೀಟರಲ್ಲಿ 86ರ ಹತ್ರ, ಕುಕ್ಕರ್ ಇಲ್ದೇ ಅನ್ನ ಬೇಳೆ ಸರಿಯಾಗಿ ಬೇಯಲ್ಲ. ಹುರಿಹಿಟ್ಟು ಬೆಲ್ಲ, ರಾಗಿ ಮಾಲ್ಟ್ ಪುಡಿ, ಕಡ್ಲೆಬೀಜ, ಕೊಬ್ಬರಿ, ಒಣ ಚಟ್ನಿಪುಡಿ ತಗೊಂಡು ಹೋಗಿ, ಬಿಸಿ ನೀರು ಹಾಕಿದ್ರೆ ಆಯ್ತು. ಅಲ್ಲಿನ ರೊಟ್ಟಿ ದಾಲ್ ಮಕ್ಳು ಒಂದಿನ ತಿಂತಾರೆ, ಎರಡ್ನೇ ದಿನ ಮ್ಯಾಗಿ ಕೇಳ್ತಾರೆ, ಕೊಡ್ಸಿ, ಅಲ್ಲಿ ತಿಂದ್ರೆ ಸಾಕು ಅನ್ನೋದೇ ಮುಖ್ಯ. ನೀರು ಬಾಯಾರಿಕೆ ಆಗ್ಲಿ ಅಂತ ಕಾಯ್ದೆ ಅರ್ಧ ಗಂಟೆಗೊಂದ್ಸಲ ಎರಡು ಗುಟುಕು.

ಮಗಳಿಗೆ 11 ಅಂದ್ರಲ್ಲ, ಬಯಲಲ್ಲಿ ಹೋಗೋದು, ಟೆಂಟಿನ ಟಾಯ್ಲೆಟ್ ಇದೆಲ್ಲಾ ಹೆಂಗಿರುತ್ತೆ ಅಂತ ಅವಳ ಹತ್ರ ಮೊದ್ಲೇ ಕೂತು ಮಾತಾಡಿ, ಈ ವಯಸ್ಸಲ್ಲಿ ಮೊದಲ್ನೇ ಮುಟ್ಟು ಟ್ರೆಕ್ಕಲ್ಲೇ ಆಗ್ಬೋದು, ಪ್ಯಾಡು ಮತ್ತೆ ವಾಪಸ್ ತರೋಕೆ ಗಟ್ಟಿ ಕವರ್ ನಿಮ್ಮ ಬ್ಯಾಗಲ್ಲಿರ್ಲಿ. ಸಂಕೋಚಕ್ಕೆ ನೀರೇ ಕುಡೀದೆ ಇರೋ ಹೆಣ್ಮಕ್ಳನ್ನ ನಾನು ಬಹಳ ನೋಡಿದೀನಿ, ಎತ್ತರದಲ್ಲಿ ಅದು ಸುಮ್ನೆ ತೊಂದ್ರೆ ತಂದ್ಕೊಂಡಂಗೆ.

ಅತ್ತೆಯವರ ಬಿಪಿ ಹಿಡಿತದಲ್ಲಿದ್ರೆ 2,700 ಮೀಟರ್‌ವರೆಗೆ ಹೋಗೋದು ಸಾಮಾನ್ಯವಾಗಿ ತೊಂದ್ರೆ ಆಗಲ್ಲ, ಆದ್ರೂ ಅವ್ರ ಡಾಕ್ಟ್ರಿಗೆ ಎಷ್ಟು ಎತ್ತರ, ಎಷ್ಟು ದಿನ ಅಂತ ಬರ್ದು ತೋರಿಸಿ ಕೇಳಿ, ಮಾತ್ರೆ ಎರಡು ಪಾಲು ಮಾಡಿ ಒಂದು ನಿಮ್ಮ ಬ್ಯಾಗಲ್ಲಿ, ಒಂದು ಅವ್ರ ಬ್ಯಾಗಲ್ಲಿ ಇಡಿ. ಡೆಹ್ರಾಡೂನಿಂದ ವಾಪಸ್ ಬರೋ ಫ್ಲೈಟ್ ಟಿಕೆಟ್ಟನ್ನ ಬೆಟ್ಟ ಇಳಿಯೋ ದಿನಕ್ಕೇ ಹಾಕ್ಬೇಡಿ, ನಡುವೆ ಒಂದು ಖಾಲಿ ದಿನ ಬಿಡಿ, ಆ ರೋಡಲ್ಲಿ ಗುಡ್ಡ ಕುಸಿದ್ರೆ ಅರ್ಧ ದಿನ ನಿಂತಲ್ಲೇ ನಿಲ್ಬೇಕಾಗುತ್ತೆ, ಏನೂ ಆಗ್ಲಿಲ್ಲ ಅಂದ್ರೆ ಆ ದಿನ ಋಷಿಕೇಶದಲ್ಲಿ ಅತ್ತೆಯವ್ರಿಗೆ ಗಂಗಾ ಸ್ನಾನ ಮಾಡಿಸ್ಕೊಂಡು ಬನ್ನಿ.